ಹನುಮಂತನಗರದ ಮದುವೆ ಎಡಿಟರ್‌ಗೆ ಬದಲಿ ಲ್ಯಾಪ್‌ಟಾಪ್: ಒಂದು ಪ್ರಕರಣ ಅಧ್ಯಯನ

ಮೊದಲು ಕೈಕೊಟ್ಟಿದ್ದು ಟ್ರ್ಯಾಕ್‌ಪ್ಯಾಡ್. ಬಲಗಡೆ ಮೂಲೆ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ಬಟನ್ ಸವೆದಿರಬೇಕೆಂದು ಒಂದು ತಿಂಗಳು ಮೌಸ್ ಹಾಕಿಕೊಂಡು ಕೆಲಸ ನಡೆಯಿತು. ಆಮೇಲೆ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟರೆ ಒಂದು ಮೂಲೆ ಎದ್ದು ನಿಂತು ತೊಟ್ಟಿಲಿನಂತೆ ತೂಗತೊಡಗಿತು. ತಳದ ಮುಚ್ಚಳ ಬಿಚ್ಚಿದಾಗ ಕಂಡದ್ದು ಹಪ್ಪಳದಂತೆ ಉಬ್ಬಿದ ಬ್ಯಾಟರಿ. ಅದು ಟ್ರ್ಯಾಕ್‌ಪ್ಯಾಡನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿತ್ತು. ಬ್ಯಾಟರಿ ತೆಗೆಸಿ, ಬರೀ ಅಡಾಪ್ಟರ್ ಮೇಲೆ ಯಂತ್ರ ಓಡಿಸಿದರು.

ಈ ಎಡಿಟರ್ ಹನುಮಂತನಗರದ ಮನೆಯ ಒಂದು ಕೋಣೆಯಲ್ಲಿ ಕೂತು ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವರು. ತಿಂಗಳಿಗೆ ಒಂದೆರಡು ಬಾರಿ ಛತ್ರದಲ್ಲೇ ಕೂತು ಮಾಡುವ ಕೆಲಸವೂ ಇರುತ್ತದೆ: ಹಿಂದಿನ ದಿನ ಸಂಜೆ ಆರತಕ್ಷತೆಯ ಶೂಟ್, ಮರುದಿನ ಧಾರೆ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಎಲ್‌ಇಡಿ ಗೋಡೆಯ ಮೇಲೆ ಎರಡು ನಿಮಿಷದ ಟೀಸರ್. ಇಂಥದ್ದೊಂದು ಬೆಳಗ್ಗೆ ಕರೆಂಟ್ ಹೋಗಿ ಜನರೇಟರ್ ಹಿಡಿದುಕೊಳ್ಳುವ ನಡುವಿನ ನಾಲ್ಕೈದು ಸೆಕೆಂಡಿನಲ್ಲಿ ಬ್ಯಾಟರಿಯಿಲ್ಲದ ಲ್ಯಾಪ್‌ಟಾಪ್ ಆರಿತು. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಆಟೋ ಸೇವ್ 15 ನಿಮಿಷಕ್ಕೊಮ್ಮೆ ಎಂದಿದ್ದರಿಂದ ಕೊನೆಯ ಹದಿಮೂರು ನಿಮಿಷದ ಕಟಿಂಗ್ ಹೋಯಿತು. ಹೊಸ ಲ್ಯಾಪ್‌ಟಾಪ್ ಬೇಕೆಂಬ ತೀರ್ಮಾನ ಅಲ್ಲೇ ಆಯಿತು. ಇದು 2025ರ ಅಕ್ಟೋಬರ್, ನವೆಂಬರ್‌ನ ಮದುವೆ ಸೀಸನ್ ಇನ್ನೇನು ಶುರುವಾಗುವ ಹೊತ್ತು. ಬಜೆಟ್ ತೆರಿಗೆ ಸೇರಿ ₹1.60 ಲಕ್ಷ.

ದುರಸ್ತಿ ಸಾಲದೇ?

ಬ್ಯಾಟರಿ ಊದಿತೆಂಬ ಒಂದೇ ಕಾರಣಕ್ಕೆ ಲ್ಯಾಪ್‌ಟಾಪ್ ಬದಲಿಸುವುದು ದುಂದು. ಹಳೆಯದು 2020ರಲ್ಲಿ ಕೊಂಡ ಕೋರ್ ಐ7-9750ಎಚ್, ಜಿಟಿಎಕ್ಸ್ 1650 4 ಜಿಬಿ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಯಂತ್ರ. ಹೊಸ ಬ್ಯಾಟರಿ, ಫ್ಯಾನ್ ಸ್ವಚ್ಛತೆ, ಥರ್ಮಲ್ ಪೇಸ್ಟ್, ಇನ್ನೊಂದಿಷ್ಟು ರ‍್ಯಾಮ್ ಹಾಕಿದರೆ ಎರಡು ವರ್ಷ ತಳ್ಳಬಹುದಿತ್ತು. ಹಾಗಾಗಿ ಬೇರೆ ಏನೇ ನೋಡುವ ಮೊದಲು ಇತ್ಯರ್ಥ ಆಗಬೇಕಾದ ಪ್ರಶ್ನೆ ಒಂದಿತ್ತು. ಕಳೆದ ಒಂದು ವರ್ಷದಿಂದ ಕ್ಲಿಪ್‌ಗಳನ್ನು ಜೋಡಿಸುವ ಟೈಮ್‌ಲೈನ್ ತಡವರಿಸುತ್ತಿರುವುದು ಯಂತ್ರಕ್ಕೆ ವಯಸ್ಸಾಗಿದ್ದರಿಂದಲೋ, ಬೇರೆ ಯಾವುದರಿಂದಲೋ?

ಪರೀಕ್ಷೆ ಸರಳ. 2022ರ ಒಂದು ಹಳೆಯ ಪ್ರಾಜೆಕ್ಟ್ ತೆರೆದರು. ಎಲ್ಲ ಕ್ಲಿಪ್‌ಗಳೂ ನೀರಿನಂತೆ ಓಡಿದವು. ಅದೇ ಯಂತ್ರದಲ್ಲಿ, ಅದೇ ಸಾಫ್ಟ್‌ವೇರ್‌ನಲ್ಲಿ ಕಳೆದ ತಿಂಗಳ ಮದುವೆ ತೆರೆದರೆ ಪ್ಲೇ ಒತ್ತಿದ ಮೂರನೇ ಸೆಕೆಂಡಿಗೆ ಚಿತ್ರ ನಿಂತು, ಶಬ್ದ ಮಾತ್ರ ಮುಂದೆ ಹೋಗುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಜಿಪಿಯು, ಅದರಲ್ಲಿ ವಿಡಿಯೋ ಡಿಕೋಡ್ ಎಂಬ ಗ್ರಾಫ್ ಇದೆ. ಹಳೆಯ ಪ್ರಾಜೆಕ್ಟ್ ಓಡುವಾಗ ಆ ಗ್ರಾಫ್ ಏರಿ ಇಳಿಯುತ್ತಿತ್ತು, ಸಿಪಿಯು ಆರಾಮಾಗಿತ್ತು. ಹೊಸ ಪ್ರಾಜೆಕ್ಟ್‌ನಲ್ಲಿ ಡಿಕೋಡ್ ಗ್ರಾಫ್ ಸೊನ್ನೆಯಲ್ಲೇ ಮಲಗಿತ್ತು, ಸಿಪಿಯು ಶೇ 100 ಮುಟ್ಟಿತ್ತು.

ಉತ್ತರ ಆ ಸೊನ್ನೆಯಲ್ಲಿದೆ. ಯಂತ್ರ ನಿಧಾನವಾಗಿರಲಿಲ್ಲ, ಕ್ಯಾಮೆರಾ ಬದಲಾಗಿತ್ತು.

ಫುಟೇಜ್ ಏನೆಂದು ನೋಡದೆ ಲ್ಯಾಪ್‌ಟಾಪ್ ನೋಡಬಾರದು

ಮೊದಲು ಇವರಿಗೆ ಬರುತ್ತಿದ್ದದ್ದು ಸೋನಿ ಎ7 3ರ ಫುಟೇಜ್: 4ಕೆ, 8 ಬಿಟ್, 4:2:0, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್). ಈಗ ಬರುತ್ತಿರುವುದು ಎ7 4ರದ್ದು: 10 ಬಿಟ್, 4:2:2. ಎರಡೂ 4ಕೆ, ಎರಡರ ಫೈಲ್ ಹೆಸರಿನ ಕೊನೆಯಲ್ಲೂ ಎಂಪಿ4 ಎಂದೇ ಇರುತ್ತದೆ. ಹೊರಗಿನಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ವ್ಯತ್ಯಾಸ ಒಳಗಿದೆ. 8 ಬಿಟ್ ಅಂದರೆ ಪ್ರತಿ ಚಾನೆಲ್‌ಗೆ 256 ಹಂತಗಳು, 10 ಬಿಟ್ ಅಂದರೆ 1024. ಬೆಳಕಿನ ಲೆಕ್ಕ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಲೆಕ್ಕವನ್ನು ಮಾತ್ರ ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. 4:2:0ರಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣ, 4:2:2ರಲ್ಲಿ ಎರಡಕ್ಕೊಂದು. ಧಾರೆ ಸೀರೆಯ ಜರಿಯಂಚು, ಅರಿಶಿನದ ಮೈಬಣ್ಣ, ಮಂಟಪದ ನೇರಳೆ ಎಲ್‌ಇಡಿ ಬೆಳಕು ಇವನ್ನೆಲ್ಲ ಗ್ರೇಡ್ ಮಾಡುವವರಿಗೆ, ಅಂದರೆ ಬಣ್ಣ ತಿದ್ದುವವರಿಗೆ, 10 ಬಿಟ್ 4:2:2 ದೊಡ್ಡ ವರ. ಹಿಂದಕ್ಕೆ ಹೋಗಿ ಎಂದು ಶೂಟ್ ಮಾಡುವವರಿಗೆ ಹೇಳುವುದು ಸರಿಯಲ್ಲ.

ಆದರೆ ಕುಗ್ಗಿಸಿಟ್ಟ ವಿಡಿಯೋ ಬಿಡಿಸುವ ಕೆಲಸಕ್ಕೆ ಚಿಪ್‌ಗಳಲ್ಲಿ ಬೇರೆಯೇ ಒಂದು ಭಾಗವಿದೆ, ಡಿಕೋಡರ್. ಅದಕ್ಕೆ ಯಾವ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ), ಎಷ್ಟು ಬಿಟ್, ಯಾವ ಕ್ರೋಮಾ (ಬಣ್ಣದ ಹಂಚಿಕೆ) ಅರ್ಥವಾಗಬೇಕೆಂಬುದು ಚಿಪ್ ತಯಾರಾಗುವಾಗಲೇ ನಿಶ್ಚಯವಾಗಿರುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿದರೆ ಹೊಸದಾಗಿ ಕಲಿಯುವುದಿಲ್ಲ. 9750ಎಚ್‌ನ ಒಳಗಿರುವ ಇಂಟೆಲ್ ಗ್ರಾಫಿಕ್ಸ್‌ಗೂ ಜಿಟಿಎಕ್ಸ್ 1650ಕ್ಕೂ 4:2:0 ಗೊತ್ತು, ಈ 4:2:2 ಗೊತ್ತಿಲ್ಲ. ಗೊತ್ತಿಲ್ಲದ್ದು ಬಂದಾಗ ಇಡೀ ಭಾರ ಸಿಪಿಯು ಮೇಲೆ ಬೀಳುತ್ತದೆ. ಸಾಲದ್ದಕ್ಕೆ ಇವು ಲಾಂಗ್ ಜಿಒಪಿ ಫೈಲ್‌ಗಳು. ಒಂದು ಫ್ರೇಮ್ ತೋರಿಸಲು ಅದಕ್ಕೆ ಹಿಂದಿನ ಹಲವು ಫ್ರೇಮ್‌ಗಳನ್ನು ಬಿಡಿಸಬೇಕು. ಮುಂದಕ್ಕೆ ಪ್ಲೇ ಮಾಡುವಾಗ ಹೇಗೋ ನಡೆದೀತು. ತಾಳಿ ಕಟ್ಟುವ ಆ ಕ್ಷಣ ಹುಡುಕಲು ಹಿಂದೆ ಮುಂದೆ ಎಳೆದಾಡುವಾಗ ಯಂತ್ರ ಉಸಿರುಗಟ್ಟುತ್ತದೆ.

ಇವರ ಕ್ಲಿಪ್‌ಗಳನ್ನು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದಾಗಿ ತೆರೆದು ನೋಡಿದಾಗ ಮೂರು ಬಗೆ ಸಿಕ್ಕವು. ಲ್ಯಾಪ್‌ಟಾಪ್ ಆಯ್ಕೆಯನ್ನು ತಿರುಗಿಸಿದ್ದು ಈ ಹೆಜ್ಜೆ, ಅದಕ್ಕಾಗಿ ಸ್ವಲ್ಪ ವಿವರವಾಗಿ.

ಸಿನಿಮ್ಯಾಟಿಕ್ ಕ್ಯಾಮೆರಾದ ಮಾಮೂಲಿ ಶಾಟ್‌ಗಳೆಲ್ಲ 25ಪಿ (ಸೆಕೆಂಡಿಗೆ 25 ಫ್ರೇಮ್), ಸೋನಿಯ ಎಕ್ಸ್‌ಎವಿಸಿ ಎಸ್ ಫಾರ್ಮ್ಯಾಟ್, 140 ಎಂಬಿಪಿಎಸ್. ಇದರ ಒಳಗಿನ ಕೋಡೆಕ್ ಎಚ್.264, 10 ಬಿಟ್ 4:2:2. ನಿಧಾನಗತಿಗೆ ಬಳಸುವ ಶಾಟ್‌ಗಳು 50ಪಿ, ಎಕ್ಸ್‌ಎವಿಸಿ ಎಚ್‌ಎಸ್, 200 ಎಂಬಿಪಿಎಸ್. ಇದು ಎಚ್‌ಇವಿಸಿ, ಅಂದರೆ ಎಚ್.265, ಅದೂ 10 ಬಿಟ್ 4:2:2. ಮೂರನೆಯದು ಟ್ರೆಡಿಷನಲ್ ಕ್ಯಾಮೆರಾ. ಬೀಗರ ಮೆರವಣಿಗೆಯಿಂದ ಹಿಡಿದು ಉಡುಗೊರೆ ಕೊಡುವ ಸಾಲಿನವರೆಗೆ ಎಲ್ಲವನ್ನೂ ಬಿಡದೆ ಹಿಡಿಯುವ ಈ ಕ್ಯಾಮೆರಾ ಇಂದಿಗೂ ಫುಲ್ ಎಚ್‌ಡಿ, 8 ಬಿಟ್ 4:2:0, ಎಚ್.264.

“ಎಚ್‌ಇವಿಸಿಯಲ್ಲೇ ಎಲ್ಲ ಶೂಟ್ ಮಾಡಿ” ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಬಲ್ಬಿನ ಮಿಣುಕು ತಪ್ಪಿಸಲು ಕ್ಯಾಮೆರಾವನ್ನು ಪಿಎಎಲ್‌ಗೆ, ಅಂದರೆ 25 ಅಥವಾ 50 ಫ್ರೇಮ್‌ನ ವ್ಯವಸ್ಥೆಗೆ, ಇಡುತ್ತಾರೆ. ಪಿಎಎಲ್‌ನಲ್ಲಿ ಎ7 4ರ ಎಕ್ಸ್‌ಎವಿಸಿ ಎಚ್‌ಎಸ್ 4ಕೆಗೆ 25ಪಿ ಸಿಗುವುದಿಲ್ಲ, 50ಪಿ ಮಾತ್ರ. ಅದೇ ಕ್ಯಾಮೆರಾದಲ್ಲಿ 4ಕೆ 50ಪಿಗೆ ಫ್ರೇಮ್ ಸೂಪರ್ 35ಕ್ಕೆ, ಅಂದರೆ ಸೆನ್ಸರ್‌ನ ನಡುಭಾಗಕ್ಕೆ, ಕತ್ತರಿಸಿಹೋಗುತ್ತದೆ, ಇಕ್ಕಟ್ಟಾದ ಛತ್ರದಲ್ಲಿ ವೈಡ್ ಶಾಟ್ ಸಿಗದು. ಹಾಗಾಗಿ 25ಪಿಯ ಎಚ್.264 4:2:2 ಇರಲೇಬೇಕು, ಅದನ್ನು ಹೊಸ ಲ್ಯಾಪ್‌ಟಾಪ್ ಬಿಡಿಸಲೇಬೇಕು.

ಯಾವ ಚಿಪ್ ಏನನ್ನು ಬಿಡಿಸುತ್ತದೆ

ಇಂಟೆಲ್‌ನ ಕ್ವಿಕ್ ಸಿಂಕ್ (ಅದರ ಗ್ರಾಫಿಕ್ಸ್ ಒಳಗಿನ ಡಿಕೋಡರ್) 11ನೇ ತಲೆಮಾರಿನಿಂದೀಚೆಗೆ ಎಚ್‌ಇವಿಸಿ 10 ಬಿಟ್ 4:2:2 ಬಿಡಿಸುತ್ತದೆ. “ಎಡಿಟಿಂಗ್‌ಗೆ ಇಂಟೆಲ್ ತಗೊಳ್ಳಿ” ಎಂದು ಹಳಬರು ಹೇಳುತ್ತಿದ್ದ ಮಾತಿನ ಹಿಂದಿರುವ ಕಾರಣ ಇದೇ, ಮಾತು ಸುಳ್ಳಲ್ಲ. ಆದರೆ ಆಗ ಅಂಗಡಿಯಲ್ಲಿದ್ದ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್.264ರ 10 ಬಿಟ್ 4:2:2 ಅದಕ್ಕೆ ಬರುತ್ತಿರಲಿಲ್ಲ. ಇವರ ಫುಟೇಜ್‌ನ ಬಹುಪಾಲು ಅದೇ.

ಎನ್ವಿಡಿಯಾದಲ್ಲಿ ಆರ್‌ಟಿಎಕ್ಸ್ 40 ಸರಣಿಯವರೆಗೆ 4:2:2 ಇರಲೇ ಇಲ್ಲ. 4050 ಆಗಲಿ 4090 ಆಗಲಿ ಈ ವಿಷಯದಲ್ಲಿ ಒಂದೇ. ದುಬಾರಿ ಕಾರ್ಡ್ ಕೊಂಡರೆ ಈ ತೊಂದರೆ ತಾನೇ ಹೋಗುತ್ತದೆಂದು ನಂಬಿ ದುಡ್ಡು ಸುರಿದವರು ಅನೇಕರು. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ ಎಚ್.264, ಎಚ್‌ಇವಿಸಿ ಎರಡರ 4:2:2ಗೂ ಡಿಕೋಡರ್ ಬಂತು. ಎಎಂಡಿ ರೈಜನ್ ಲ್ಯಾಪ್‌ಟಾಪ್‌ಗಳ ಒಳಗಿನ ಗ್ರಾಫಿಕ್ಸ್‌ಗೆ 4:2:2 ಇಲ್ಲ. ಆದ್ದರಿಂದ ರೈಜನ್ ಜೊತೆ ಆರ್‌ಟಿಎಕ್ಸ್ 4060 ಇರುವ ಲ್ಯಾಪ್‌ಟಾಪ್ ಗೇಮಿಂಗ್‌ಗೆ ಒಳ್ಳೆಯದಿರಬಹುದು, ಕಡಿಮೆ ಬೆಲೆಗೆ ಸಿಗಬಹುದು, ಈ ಕೆಲಸಕ್ಕೆ ಮಾತ್ರ ಅದು ಹಳೆಯ ತೊಂದರೆಯನ್ನೇ ಹೊಸ ಡಬ್ಬಿಯಲ್ಲಿ ತಂದಂತೆ.

ಮೊದಲ ಪಟ್ಟಿಯಲ್ಲಿದ್ದ ಎರಡು ಲ್ಯಾಪ್‌ಟಾಪ್‌ಗಳು ಇಲ್ಲಿಗೇ ಬಿದ್ದುಹೋದವು. ರೈಜನ್ ಮತ್ತು 4060 ಇದ್ದದ್ದು ಒಂದು, ಇಂಟೆಲ್ ಮತ್ತು 4060 ಇದ್ದದ್ದು ಇನ್ನೊಂದು.

ಮ್ಯಾಕ್‌ಬುಕ್ ಪ್ರೊ ಬಗ್ಗೆ ಗಂಭೀರವಾಗಿಯೇ ಚರ್ಚೆಯಾಯಿತು. ಆಪಲ್ ಚಿಪ್‌ಗಳು ಎಚ್‌ಇವಿಸಿ 4:2:2 ಅನ್ನು ಸಲೀಸಾಗಿ ಬಿಡಿಸುತ್ತವೆ, ಎಸ್‌ಡಿ ಸ್ಲಾಟ್ ವೇಗದ ಯುಎಚ್‌ಎಸ್-2 ಬಗೆಯದು, ಎಲ್ಲಕ್ಕಿಂತ ಮುಖ್ಯವಾಗಿ ಪ್ಲಗ್ ಕಿತ್ತರೂ ವೇಗ ಇಳಿಯುವುದಿಲ್ಲ. ಛತ್ರದಲ್ಲಿ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಏನು ಬೇಕು? ಎರಡು ಕಾರಣಕ್ಕೆ ಬಿಡಬೇಕಾಯಿತು. ಎಂ4 ಇರುವ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಡುಗಡೆಯಾದಾಗ ₹1,69,900, ಎಂ4 ಪ್ರೊ ಇರುವುದು ₹1,99,900. ಮೊದಲನೆಯದರ ಮೂಲ ಮಾಡೆಲ್‌ನಲ್ಲಿ ಮೆಮೊರಿ 16 ಜಿಬಿ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಇದು ಹಣದ ಕಾರಣ. ಎರಡನೆಯದು ಇನ್ನೂ ಗಟ್ಟಿ. ಟ್ರೆಡಿಷನಲ್ ಫುಲ್ ವಿಡಿಯೋವನ್ನು ಇವರು ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾರೆ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಹೂವಿನ ಚೌಕಟ್ಟು, ಲಗ್ನಪತ್ರಿಕೆಯ ಟೈಟಲ್, ವರ್ಷಗಳಿಂದ ಕೂಡಿಟ್ಟ ಎಫೆಕ್ಟ್‌ಗಳು ಎಲ್ಲ ಅದರಲ್ಲೇ ಇವೆ. ಮೂರು ಗಂಟೆಯ ಫುಲ್ ವಿಡಿಯೋವನ್ನು ಎಡಿಯಸ್‌ನಷ್ಟು ಬೇಗ ಮುಗಿಸುವ ಸಾಫ್ಟ್‌ವೇರ್ ಇವರ ಕೈಗೆ ಬೇರೆ ಇಲ್ಲ. ಎಡಿಯಸ್ ಬಳಸದೆ ಬರೀ ಪ್ರೀಮಿಯರ್ ಅಥವಾ ಡಾವಿಂಚಿ ರಿಸಾಲ್ವ್ ಬಳಸುವವರಾಗಿದ್ದರೆ, ಕ್ಲಿಪ್ ಹಾಕಿ ಪರೀಕ್ಷಿಸಿ, ಬಜೆಟ್ ಹಿಗ್ಗಿಸಿಯಾದರೂ ಎಂ4 ಪ್ರೊ ಕೊಳ್ಳಿ ಎಂದೇ ಹೇಳಬೇಕಿತ್ತು.

ಎಡಿಯಸ್ ಇದ್ದದ್ದರಿಂದ ಇನ್ನೊಂದೂ ತೀರ್ಮಾನವಾಯಿತು. ಅದು ವಿಡಿಯೋ ಬಿಡಿಸಲು ಇಂಟೆಲ್‌ನ ಕ್ವಿಕ್ ಸಿಂಕನ್ನು ನೆಚ್ಚಿಕೊಂಡಿರುವ ಸಾಫ್ಟ್‌ವೇರ್. ಹಾಗಾಗಿ ಸಿನಿಮ್ಯಾಟಿಕ್‌ಗೆ ಆರ್‌ಟಿಎಕ್ಸ್ 50 ಸರಣಿ, ಟ್ರೆಡಿಷನಲ್‌ಗೆ ಇಂಟೆಲ್, ಎರಡೂ ಒಂದೇ ಯಂತ್ರದಲ್ಲಿರಬೇಕು. ಉಳಿದದ್ದು ಕೋರ್ ಅಲ್ಟ್ರಾ 7 255ಎಚ್ ಮತ್ತು ಆರ್‌ಟಿಎಕ್ಸ್ 5060 8 ಜಿಬಿ ಇರುವ 16 ಇಂಚಿನ ಒಂದು ಮಾಡೆಲ್.

ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದು ಫುಟೇಜ್‌ನ ಹಗುರ ನಕಲು, ಮಾಡಿಕೊಂಡರೆ ಹಳೆಯದರಲ್ಲೇ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಕೋಣೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಆಗುತ್ತಿತ್ತು. ಒಂದು ಮದುವೆಗೆ ಸಿನಿಮ್ಯಾಟಿಕ್ ಫುಟೇಜ್ ಸುಮಾರು 7 ಗಂಟೆ ಎಂದಿಟ್ಟುಕೊಳ್ಳಿ. 140 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 17.5 ಎಂಬಿ, ಗಂಟೆಗೆ 63 ಜಿಬಿ, ಒಟ್ಟು 440 ಜಿಬಿ. 1080ಪಿ ಪ್ರೊರೆಸ್ ಪ್ರಾಕ್ಸಿ 25 ಫ್ರೇಮ್‌ಗೆ ಸುಮಾರು 38 ಎಂಬಿಪಿಎಸ್, ಅಂದರೆ ಗಂಟೆಗೆ 17 ಜಿಬಿ, ಏಳು ಗಂಟೆಗೆ 120 ಜಿಬಿ. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಸಿದ್ಧ. ಆದರೆ ಛತ್ರದ ಟೀಸರ್‌ಗೆ ಆ ರಾತ್ರಿಯೇ ಇರುವುದಿಲ್ಲ. ಒಂಬತ್ತೂವರೆಗೆ ಮುಹೂರ್ತ, ಹನ್ನೆರಡಕ್ಕೆ ಊಟ, ಅಷ್ಟರಲ್ಲಿ ಕಾರ್ಡ್ ಇಳಿಸಿ ನೇರವಾಗಿ ಮೂಲ ಫುಟೇಜ್ ಮೇಲೇ ಕತ್ತರಿ ಆಡಿಸಬೇಕು.

ಉಳಿದ ಅಂಶಗಳು

ಗ್ರಾಫಿಕ್ಸ್ ಮೆಮೊರಿ 8 ಜಿಬಿಗಿಂತ ಕಡಿಮೆ ಬೇಡ ಎಂದದ್ದಕ್ಕೆ ಲೆಕ್ಕವಿದೆ. ರಿಸಾಲ್ವ್ ಪ್ರತಿ ಫ್ರೇಮನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟುಕೊಳ್ಳುತ್ತದೆ. 3840 ಗುಣಿಸು 2160 ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ನಾಲ್ಕು ಚಾನೆಲ್‌ಗೆ ತಲಾ 4 ಬೈಟ್ ಎಂದರೆ ಪಿಕ್ಸೆಲ್‌ಗೆ 16 ಬೈಟ್, ಒಂದು ಫ್ರೇಮ್‌ಗೆ 133 ಎಂಬಿ. ಚಿತ್ರದ ಕಾಳುಕಾಳು ತೆಗೆಯುವ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ ಹಿಂದಿನ ಮುಂದಿನ ಫ್ರೇಮ್‌ಗಳನ್ನೂ ಹಿಡಿದಿಟ್ಟುಕೊಳ್ಳಬೇಕು. ಪ್ರತಿ ನೋಡ್ (ಬಣ್ಣ ತಿದ್ದುವ ಒಂದೊಂದು ಹಂತ) ತನ್ನದೊಂದು ನಕಲು ಕೇಳುತ್ತದೆ. ಹಳೆಯ ಯಂತ್ರದಲ್ಲಿ ಮಂದ ಬೆಳಕಿನ ಆರತಿ ಶಾಟ್‌ಗೆ ನಾಯ್ಸ್ ತೆಗೆಯುವಾಗಲೆಲ್ಲ ಜಿಪಿಯು ಮೆಮೊರಿ ತುಂಬಿತೆಂಬ ಸಂದೇಶ ಬರುತ್ತಿದ್ದದ್ದು ಇದರಿಂದಲೇ. 4 ಜಿಬಿಯಲ್ಲಿ ವಿಂಡೋಸ್ ಮತ್ತು ಪರದೆಗಳ ಪಾಲು ಕಳೆದರೆ ಉಳಿಯುವುದೆಷ್ಟು?

ಅದೇ ಹೆಸರಿನ ಕಾರ್ಡ್ ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಒಂದೇ ವೇಗದ್ದಲ್ಲ ಎಂಬುದೂ ನೆನಪಿರಲಿ. ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 5060ಅನ್ನು ತಯಾರಕರು 45ರಿಂದ 100 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಕಟ್ಟಿಹಾಕಬಹುದು. ತೆಳ್ಳಗಿನ ಮಾಡೆಲ್‌ಗಳಲ್ಲಿ ಕಡಿಮೆ. ಈ ವ್ಯಾಟ್ ಡಬ್ಬಿಯ ಮೇಲೆ ಇರುವುದಿಲ್ಲ, ಕಂಪನಿಯ ಜಾಲತಾಣದ ಸ್ಪೆಸಿಫಿಕೇಷನ್ ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹುಡುಕಬೇಕು.

ರ‍್ಯಾಮ್ 32 ಜಿಬಿ. 4ಕೆ ಕೆಲಸಕ್ಕೆ ಅಡೋಬಿಯೂ ಅಷ್ಟನ್ನೇ ಶಿಫಾರಸು ಮಾಡುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಎಷ್ಟು ಎಂಬುದೊಂದೇ ಅಲ್ಲ. ರ‍್ಯಾಮ್ ಸ್ಲಾಟ್ ಇದೆಯೇ, ಬೋರ್ಡಿಗೆ ಬೆಸೆದಿದೆಯೇ? ಒಂದೇ ಪ್ರೊಸೆಸರ್ ಇರುವ ಎರಡು ಮಾಡೆಲ್‌ಗಳಲ್ಲಿ ಒಂದರಲ್ಲಿ ಬಿಚ್ಚಿ ಹಾಕಬಹುದಾದ ಡಿಡಿಆರ್5, ಇನ್ನೊಂದರಲ್ಲಿ ಬೆಸೆದ ಎಲ್‌ಪಿಡಿಡಿಆರ್5ಎಕ್ಸ್ ಇರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ 16 ಜಿಬಿ ಎಂದು ಬರುವವುಗಳಲ್ಲಿ ಬಹಳಷ್ಟು ಒಂದೇ ಕಡ್ಡಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಟ್ಟಿರುತ್ತವೆ. ಒಂದೇ ಕಡ್ಡಿ ಅಂದರೆ ಒಂದೇ ಚಾನೆಲ್, ಮೆಮೊರಿಯ ಅರ್ಧ ವೇಗ. ಅದೇ ಮೆಮೊರಿ ಬಳಸುವ ಇಂಟೆಲ್ ಗ್ರಾಫಿಕ್ಸ್‌ಗೆ ಇದರಿಂದ ಪೆಟ್ಟು. ಈ ಪ್ರಕರಣದಲ್ಲಿ ಎರಡನೆಯ 16 ಜಿಬಿ ಕಡ್ಡಿಯನ್ನು ಪ್ರತ್ಯೇಕ ಕೊಂಡು ಹಾಕಿಸಿದರು. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು, ಆದ್ದರಿಂದ ಕೊಳ್ಳುವವರು ಕಾರ್ಖಾನೆಯಿಂದಲೇ 32 ಜಿಬಿ ಬರುವ ಮಾಡೆಲ್‌ನ ಬೆಲೆಯನ್ನೂ ಪಕ್ಕದಲ್ಲಿಟ್ಟು ಕೂಡಿ ಕಳೆದು ನೋಡುವುದು ಒಳ್ಳೆಯದು.

ಪರದೆ ಶೇ 100 ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ವ್ಯಾಪ್ತಿ) ಇರಬೇಕು. ಎನ್‌ಟಿಎಸ್‌ಸಿ ಎಂಬ ಇನ್ನೊಂದು ಅಳತೆಯಲ್ಲಿ ಶೇ 45 ಎಂದು ಬರೆದಿದ್ದರೆ ಅದು ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗವೂ ಆಗದು. ಅಂಥ ಪರದೆಯಲ್ಲಿ ಕುಂಕುಮ ಇಟ್ಟಿಗೆ ಪುಡಿಯಂತೆ, ಮೈಸೂರು ರೇಷ್ಮೆಯ ಕಡುಗೆಂಪು ಕಂದಿದಂತೆ ಕಾಣುತ್ತದೆ. ಎಡಿಟರ್ ಸ್ಯಾಚುರೇಷನ್ ಏರಿಸುತ್ತಾರೆ. ಮನೆಯವರು ಒಳ್ಳೆಯ ಫೋನಿನಲ್ಲಿ ನೋಡಿದಾಗ ಮದುಮಗಳ ಮುಖ ಬಿಸಿಲಿಗೆ ಕೆಂಪಾದಂತಿರುತ್ತದೆ. ವಾಟ್ಸ್ಆ್ಯಪ್, ಟಿವಿ, ಪೆನ್‌ಡ್ರೈವ್‌ಗೆ ಹೋಗುವ ಕೆಲಸಕ್ಕೆ ಎಸ್‌ಆರ್‌ಜಿಬಿ ಸಾಕು, ಅದಕ್ಕಿಂತ ಅಗಲದ ಬಣ್ಣಕ್ಕೆ ಹೆಚ್ಚು ದುಡ್ಡು ಬೇಡ.

ಅಂಗಡಿಯಲ್ಲಿ

ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್‌.ಪಿ. ರೋಡ್‌ನಲ್ಲೂ ಒಂದು ಬ್ರ್ಯಾಂಡ್ ಮಳಿಗೆಯಲ್ಲೂ ವಿಚಾರಿಸಿದರು. “ಗ್ರಾಫಿಕ್ಸ್ ಕಾರ್ಡ್ ದೊಡ್ಡದು ತಗೊಳ್ಳಿ ಸಾರ್, ಎಡಿಟಿಂಗ್ ಬೆಣ್ಣೆ ಥರ ಓಡುತ್ತೆ” ಎಂಬ ಮಾತು ಎರಡೂ ಕಡೆ ಬಂತು. ಮಾತಿಗಿಂತ ಪರೀಕ್ಷೆ ಮೇಲು. ಸೀಲ್ ಮಾಡಿದ ಡಬ್ಬಿ ತೆರೆಯುವುದಿಲ್ಲ, ಆದರೆ ಡೆಮೊ ಪೀಸ್ ಮೇಲೆ ಕೂರಲು ಬಿಡುತ್ತಾರೆ, ಬೆಳಗ್ಗೆ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋದರೆ.

ತೆಗೆದುಕೊಂಡು ಹೋದದ್ದು ಒಂದು ಪೋರ್ಟಬಲ್ ಎಸ್‌ಎಸ್‌ಡಿ, ಅದರಲ್ಲಿ ಮೂರು ಬಗೆಯ ತಲಾ ಎರಡು ನಿಮಿಷದ ಕ್ಲಿಪ್‌ಗಳು. ಪ್ರೀಮಿಯರ್ ಇಲ್ಲದ ಡೆಮೊ ಯಂತ್ರದಲ್ಲೂ ಒಂದಷ್ಟು ತಿಳಿಯಬಹುದು: 4:2:2 ಬಿಡಿಸುವ ಪ್ಲೇಯರ್‌ನಲ್ಲಿ ಕ್ಲಿಪ್ ಓಡಿಸಿ ಟಾಸ್ಕ್ ಮ್ಯಾನೇಜರ್‌ನ ಡಿಕೋಡ್ ಗ್ರಾಫ್ ನೋಡುವುದು. ಇಲ್ಲಿ ಅಂಗಡಿಯವರು ಪ್ರೀಮಿಯರ್ ಟ್ರಯಲ್ ಹಾಕಿಕೊಳ್ಳಲು ಒಪ್ಪಿದರು. ಪ್ರೋಗ್ರಾಂ ಮಾನಿಟರ್‌ನಲ್ಲಿ ಡ್ರಾಪ್ಡ್ ಫ್ರೇಮ್ ಇಂಡಿಕೇಟರ್ ಆನ್ ಮಾಡಿದರೆ ಒಂದು ಚುಕ್ಕೆ ಬರುತ್ತದೆ, ಫ್ರೇಮ್ ಬಿಟ್ಟುಹೋದರೆ ಹಸಿರಿನಿಂದ ಹಳದಿಗೆ ತಿರುಗುತ್ತದೆ. ಎರಡು ಕ್ಯಾಮೆರಾದ 25ಪಿ ಕ್ಲಿಪ್ ಒಂದರ ಮೇಲೊಂದಿಟ್ಟು, ಲುಟ್ (ಬಣ್ಣ ಬದಲಿಸುವ ಸಿದ್ಧ ಫೈಲ್) ಹಾಕಿ, ಇಪ್ಪತ್ತು ನಿಮಿಷ ಲೂಪ್‌ನಲ್ಲಿ ಓಡಿಸಿದರು. ಚುಕ್ಕೆ ಹಸಿರಾಗಿಯೇ ಉಳಿಯಿತು. ಐದು ನಿಮಿಷದ ಪರೀಕ್ಷೆ ಸಾಲದು, ಲೋಹ ಕಾಯ್ದು ವೇಗ ಇಳಿಯಲು ಹತ್ತು ಹದಿನೈದು ನಿಮಿಷ ಬೇಕು.

ಆಮೇಲೆ ಪ್ಲಗ್ ಕಿತ್ತು ಮತ್ತೆ ಓಡಿಸಿದರು. ಕಾರ್ಡ್‌ನ ವೇಗ ಕುಸಿಯಿತು, ಎಫೆಕ್ಟ್ ಇರುವ ಕಡೆ ಚುಕ್ಕೆ ಹಳದಿಯಾಯಿತು. ಗೇಮಿಂಗ್ ಜಾತಿಯ ಎಲ್ಲ ಲ್ಯಾಪ್‌ಟಾಪ್‌ಗೂ ಇದು ಇದ್ದದ್ದೇ, ಬ್ಯಾಟರಿಯಿಂದ ಅಷ್ಟು ವಿದ್ಯುತ್ ಎಳೆಯಲಾಗುವುದಿಲ್ಲ. ಇವರಿಗೆ ಬೇಕಾದದ್ದು ಜನರೇಟರ್ ಹಿಡಿಯುವವರೆಗೆ ಯಂತ್ರ ಆರದಿರುವುದು, ಅಷ್ಟು ಸಿಕ್ಕಿತು.

ಬಿಲ್ ಹಾಕಿಸುವಾಗ ಜಿಎಸ್‌ಟಿ ಸಂಖ್ಯೆ ಮೊದಲೇ ಕೊಟ್ಟರು. ಯಂತ್ರ ₹1,20,000, ಅದರ ಮೇಲೆ ಶೇ 18, ಅಂದರೆ ₹21,600, ಒಟ್ಟು ₹1,41,600. ನೋಂದಣಿ ಇರುವವರು ವ್ಯವಹಾರಕ್ಕೆ ಕೊಂಡದ್ದರ ಮೇಲೆ ಈ ₹21,600ರ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಸಂಖ್ಯೆ ಕೊಡದೆ ಬಿಲ್ ಹಾಕಿಸಿ ಆಮೇಲೆ ಬದಲಿಸಿ ಎಂದರೆ ಅಂಗಡಿಯವರು ಅಲೆದಾಡಿಸುತ್ತಾರೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಸವಕಳಿ ಶೇ 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಕ್ರೆಡಿಟ್ ತೆಗೆದುಕೊಂಡ ತೆರಿಗೆ ಮೊತ್ತದ ಮೇಲೆ ಮತ್ತೆ ಸವಕಳಿ ತೋರಿಸುವಂತಿಲ್ಲ, ಲೆಕ್ಕಿಗರಿಗೆ ಇದನ್ನು ಹೇಳಿಡಬೇಕು. ರ‍್ಯಾಮ್ ಕಡ್ಡಿ ಮತ್ತು 2 ಟಿಬಿಯ ಎರಡನೇ ಎಸ್‌ಎಸ್‌ಡಿ ಸೇರಿ ಸುಮಾರು ₹17,000. ಬಜೆಟ್ ಒಳಗೇ ಮುಗಿಯಿತು. ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುವುದಿಲ್ಲವೆಂದು ಕಂಪನಿಯ ಗ್ರಾಹಕ ಸೇವೆಯಿಂದ ಇಮೇಲ್‌ನಲ್ಲಿ ಬರೆಸಿಕೊಂಡಿದ್ದು ಜಾಣತನ.

ಮನೆಗೆ ತಂದ ಮೇಲೆ

ಮೂರನೇ ದಿನ ದೂರು ಬಂತು: ಪ್ರೀಮಿಯರ್ ಚೆನ್ನಾಗಿದೆ, ಎಡಿಯಸ್ ಹಳೆಯ ಯಂತ್ರಕ್ಕಿಂತ ನಿಧಾನ. ಕಾರಣ ಒಂದು ಸ್ವಿಚ್. ಲ್ಯಾಪ್‌ಟಾಪ್ ಕಂಪನಿಯ ಕಂಟ್ರೋಲ್ ತಂತ್ರಾಂಶದಲ್ಲಿ ಜಿಪಿಯು ಮೋಡ್ ಎಂಬುದಿದೆ. ಹೈಬ್ರಿಡ್ ಅಥವಾ ಡಿಸ್ಕ್ರೀಟ್. ಹೆಚ್ಚು ವೇಗ ಸಿಗುತ್ತದೆಂದು ಅದನ್ನು ಡಿಸ್ಕ್ರೀಟ್‌ಗೆ ಇಟ್ಟಿದ್ದರು. ಆಗ ಇಂಟೆಲ್ ಗ್ರಾಫಿಕ್ಸ್ ಪೂರ್ತಿ ಆಫ್ ಆಗುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲೂ ಕಾಣುವುದಿಲ್ಲ. ಅದರೊಂದಿಗೆ ಕ್ವಿಕ್ ಸಿಂಕ್ ಕೂಡ ಹೋಗುತ್ತದೆ. ಹೈಬ್ರಿಡ್‌ಗೆ ತಿರುಗಿಸಿ ರೀಸ್ಟಾರ್ಟ್ ಮಾಡಿದ ಕೂಡಲೇ ಎಡಿಯಸ್ ಸರಿಹೋಯಿತು. ಇಂಟೆಲ್‌ಗೆಂದು ದುಡ್ಡು ಕೊಟ್ಟು ಅದನ್ನೇ ಆಫ್ ಮಾಡಿ ಕೂರುವ ಈ ತಪ್ಪು ತುಂಬ ಸಾಮಾನ್ಯ.

ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಮೀಡಿಯಾ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಇಂಟೆಲ್, ಎನ್ವಿಡಿಯಾ ಎರಡಕ್ಕೂ ಟಿಕ್ ಬಾಕ್ಸ್ ಇವೆ, ಎರಡೂ ಆನ್ ಇರಲಿ. ರಿಸಾಲ್ವ್‌ನಲ್ಲಿ ಡಿಕೋಡ್ ಆಪ್ಷನ್ಸ್ ಒಳಗಿದೆ. ವಿಂಡೋಸ್‌ನಲ್ಲಿ ಈ ಬಗೆಯ ಫುಟೇಜ್‌ಗೆ ರಿಸಾಲ್ವ್‌ನ ಸ್ಟುಡಿಯೋ ಆವೃತ್ತಿಯೇ ಬೇಕು, ಉಚಿತ ಆವೃತ್ತಿಯನ್ನು ನಂಬಿ ಕೂರಬಾರದು. ಸ್ಟುಡಿಯೋದ ಒಂದು ಆಕ್ಟಿವೇಷನ್ ಕೀ ಎರಡು ಯಂತ್ರಗಳಲ್ಲಿ ನಡೆಯುತ್ತದೆ, ಇವರ ಬಳಿ ಮೊದಲೇ ಇದ್ದದ್ದರಿಂದ ಹೊಸ ಖರ್ಚಾಗಲಿಲ್ಲ. ಡ್ರೈವರ್ ಗೇಮ್ ರೆಡಿ ಬೇಡ, ಸ್ಟುಡಿಯೋ ಡ್ರೈವರ್ ಇರಲಿ. ಆಟೋ ಸೇವ್ 5 ನಿಮಿಷ.

ಕನ್ನಡ ಟೈಟಲ್‌ಗೆ ಬೇರೆಯೇ ಗಮನ ಬೇಕು. ಹೊಸ ಯಂತ್ರದಲ್ಲಿ ಹಳೆಯ ಪ್ರಾಜೆಕ್ಟ್ ತೆರೆದಾಗ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡಿತು. ಹಳೆಯ ಟೈಟಲ್‌ಗಳು ನುಡಿಯ ಆಸ್ಕಿ ಫಾಂಟ್‌ನಲ್ಲಿದ್ದವು. ಅಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕೂತಿರುತ್ತವೆ, ಫಾಂಟ್ ಇಲ್ಲದಿದ್ದರೆ ಬಣ್ಣ ಬಯಲಾಗುತ್ತದೆ. ಹಳೆಯ ಯಂತ್ರದ ಫಾಂಟ್ ಫೋಲ್ಡರ್‌ನಿಂದ ಬೇಕಾದವನ್ನು ನಕಲಿಸಿ ಹಾಕಿದ ಮೇಲೆ ಸರಿಯಾಯಿತು. ಯೂನಿಕೋಡ್‌ನಲ್ಲಿ ಬರೆದ ಟೈಟಲ್‌ನ ತೊಂದರೆ ಬೇರೆ: ‘ಲಕ್ಷ್ಮೀ’ ಎಂದು ಟೈಪಿಸಿದರೆ ‘ಲಕ್‌ಷ್‌ಮೀ’ ಎಂದು ಒತ್ತಕ್ಷರ ಒಡೆದು ಬರುತ್ತಿತ್ತು. ಪ್ರೀಮಿಯರ್‌ನ ಪ್ರಿಫರೆನ್ಸಸ್, ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್‌ಗೆ ಇಟ್ಟು ಹೊಸದಾಗಿ ಟೈಟಲ್ ಬರೆದರೆ ಅಕ್ಷರ ಕೂಡಿಕೊಳ್ಳುತ್ತದೆ. ಮದುವೆಮನೆಯವರು ವಿಡಿಯೋದಲ್ಲಿ ಮೊದಲು ನೋಡುವುದು ತಮ್ಮ ಹೆಸರನ್ನೇ. ಡೆಲಿವರಿಗೆ ಮುನ್ನ ಹೆಸರಿನ ಫ್ರೇಮ್‌ನಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ, ಒಂದೊಂದು ಒತ್ತನ್ನೂ ಓದಬೇಕು.

ಕಾರ್ಡ್ ಇಳಿಸುವುದಕ್ಕೆ ಲ್ಯಾಪ್‌ಟಾಪ್‌ನ ಸ್ವಂತ ಎಸ್‌ಡಿ ಸ್ಲಾಟ್ ಬಳಸದಿರುವುದು ಲೇಸು. ಅದು ಯುಎಚ್‌ಎಸ್-1, ಬಳಕೆಯಲ್ಲಿ ಸೆಕೆಂಡಿಗೆ ಸುಮಾರು 90 ಎಂಬಿ. 440 ಜಿಬಿ ಇಳಿಸಲು 80 ನಿಮಿಷ ಮೀರುತ್ತದೆ. ಯುಎಚ್‌ಎಸ್-2 ಕಾರ್ಡನ್ನು ಯುಎಸ್‌ಬಿ ರೀಡರ್‌ಗೆ ಹಾಕಿ 250 ಎಂಬಿ ಸಿಕ್ಕರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಛತ್ರದಲ್ಲಿ ಈ ಐವತ್ತು ನಿಮಿಷವೇ ಟೀಸರ್ ಆಗುತ್ತದೆ ಅಥವಾ ಆಗುವುದಿಲ್ಲ ಎಂಬುದನ್ನು ನಿರ್ಧರಿಸುತ್ತದೆ. 1 ಟಿಬಿಯ ಮೊದಲ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಮತ್ತು ಸಾಫ್ಟ್‌ವೇರ್, ಎರಡನೆಯ 2 ಟಿಬಿಯಲ್ಲಿ ನಡೆಯುತ್ತಿರುವ ಮದುವೆಗಳು ಮತ್ತು ಮೀಡಿಯಾ ಕ್ಯಾಷ್. ಎರಡು ಹಾರ್ಡ್‌ಡಿಸ್ಕ್‌ಗೆ ನಕಲು ಹೋಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ.

ನೆಂಟರ ಫೋನಿನಿಂದ ಬಂದ ಕ್ಲಿಪ್ ಸೇರಿಸಿದಾಗ ನಾದಸ್ವರ ಮುಂದೆ, ಚಿತ್ರ ಹಿಂದೆ ಆದರೆ ಅದಕ್ಕೆ ಲ್ಯಾಪ್‌ಟಾಪ್ ಕಾರಣವಲ್ಲ. ಫೋನುಗಳು ಏರಿಳಿಯುವ ಫ್ರೇಮ್ ದರದಲ್ಲಿ ರೆಕಾರ್ಡ್ ಮಾಡುತ್ತವೆ. ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ ಆಮೇಲೆ ಟೈಮ್‌ಲೈನ್‌ಗೆ ತರಬೇಕು.

ಇನ್ನೊಂದು ಕಣ್ತಪ್ಪುವ ವಿಷಯ ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಅದು ತಾನೇ ಆನ್ ಆಗಿರುತ್ತದೆ. ನಾಳೆ ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಆದರೂ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಫುಟೇಜ್ ತೆರೆಯದು. ಕೀಯನ್ನು ಕಾಗದದ ಮೇಲೆ ಮುದ್ರಿಸಿ ಬಿಲ್ ಜೊತೆ ಇಟ್ಟರು. ಸರ್ವಿಸ್‌ಗೆ ಕೊಡುವ ದಿನ ಬಂದರೆ ಎರಡನೇ ಎಸ್‌ಎಸ್‌ಡಿ ಬಿಚ್ಚಿಟ್ಟುಕೊಂಡೇ ಕೊಡಬೇಕು, ಅದರಲ್ಲಿರುವುದು ಬೇರೆಯವರ ಮನೆಯ ಮದುವೆ.

ಬ್ಯಾಟರಿ ಮತ್ತೆ ಊದದಿರಲಿ ಎಂದು ಚಾರ್ಜ್ ಮಿತಿಯನ್ನು ಶೇ 80ಕ್ಕೆ ಇಟ್ಟಿದ್ದಾರೆ. ದಿನವಿಡೀ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ ಪೂರ್ತಿ ಚಾರ್ಜ್ ಮತ್ತು ಬಿಸಿ ಎರಡೂ ಸೇರಿದರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಛತ್ರಕ್ಕೆ ಹೋಗುವ ಹಿಂದಿನ ರಾತ್ರಿ ಮಾತ್ರ ಶೇ 100.

ಹಳೆಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ಕಾರ್ಡ್ ಇಳಿಸುವುದಕ್ಕೆ, ಬ್ಯಾಕಪ್‌ಗೆ ಮತ್ತು ಕೋಣೆಯಲ್ಲಿ ರಾತ್ರಿ ಪ್ರಾಕ್ಸಿ ಮಾಡುವುದಕ್ಕೆ ಉಳಿಸಿಕೊಂಡಿದ್ದಾರೆ. ಊದಿದ ಬ್ಯಾಟರಿಯನ್ನು ಚುಚ್ಚದೆ, ಒತ್ತದೆ, ಕಸದ ಗಾಡಿಗೂ ಹಾಕದೆ, ಅದರ ಕನೆಕ್ಟರ್ ತುದಿಗೆ ಟೇಪ್ ಸುತ್ತಿ, ಉರಿಯುವ ವಸ್ತುಗಳಿಂದ ದೂರ ಬಾಲ್ಕನಿಯ ನೆರಳಲ್ಲಿ ಒಂದು ಮಣ್ಣಿನ ಕುಂಡದೊಳಗೆ ಇಟ್ಟಿದ್ದರು. ಮರುವಾರ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರು ಬಂದು ಒಯ್ದರು.